ಹರಿಹರದ ಕೋಕೋ ಕಷಾಯ

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕೇ ಕಿಲೋಮೀಟರ್. ಆದರೂ ೧೯೯೮ರ ಏಪ್ರಿಲ್‌ನಲ್ಲಿ ಆ ಬಸ್ಸು ಹತ್ತಲು ನಾನು ಬಹಳ ದಿನ ಹಿಂದುಮುಂದು ನೋಡಿದೆ.

ಅವ್ವ ತೀರಿಕೊಂಡಾಗ ನಾನಿನ್ನೂ ಚಿಕ್ಕವನು. ಅವಳದೆಂದು ಉಳಿದ ನೆನಪು ಒಂದೇ: ಬಳೆ ತೊಟ್ಟ ಕೈ ಎತ್ತರದಿಂದ ಚೊಂಬಿಗೆ ಕಪ್ಪನೆಯದೇನನ್ನೋ ಹೊಯ್ಯುತ್ತಿದೆ, ನೊರೆ ಏಳುತ್ತಿದೆ, ನನ್ನ ಬಾಯಲ್ಲಿ ಕಹಿ, ಖಾರ. ಮುಖ ಮಾತ್ರ ಇಲ್ಲ. ಮುಂದೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಚಾಕಲೇಟಿನ ಚರಿತ್ರೆ ಓದಿದೆ. ಮಧ್ಯ ಅಮೆರಿಕದ ಪ್ರಾಚೀನರು ಕೋಕೋ ಬೀಜ ಅರೆದು, ಮೆಣಸಿನಕಾಯಿ ಬೆರೆಸಿ, ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ದು ನೊರೆ ಬರಿಸಿ ಕುಡಿಯುತ್ತಿದ್ದರಂತೆ. ಮದುವೆಗೂ ಅದೇ, ದೇವರಿಗೂ ಅದೇ. ಸಂತೆಯಲ್ಲಿ ಬೀಜವೇ ನಾಣ್ಯ. ಅಂದಿನಿಂದ ಅನುಮಾನ: ಅವ್ವನನ್ನು ನಾನು ಪುಸ್ತಕದಿಂದ ಕಟ್ಟಿಕೊಂಡೆನೇ?

ಅದನ್ನು ಹೇಳಬಲ್ಲವಳು ಹರಿಹರದಲ್ಲಿರುವ ಅವ್ವನ ಅಕ್ಕ, ನನ್ನ ದೊಡ್ಡವ್ವ ಒಬ್ಬಳೇ. ಅವಳಿಗೆಂದು ಬಸ್ ನಿಲ್ದಾಣದಲ್ಲಿ ಚಾಕಲೇಟ್ ಬಾರ್ ಕೊಂಡೆ. ಅಂಗಡಿಯವನು ಎರಡು ಪೆಪ್ಪರ್‌ಮಿಂಟು ಕೈಗಿಟ್ಟ. "ಚಿಲ್ರೆ ಇಲ್ರಿ, ಚಾಕ್ಲೇಟ್ ತಗಳ್ರಿ." ಆ ಪ್ರಾಚೀನರು ನಕ್ಕಿರಬೇಕು.

ಕಿಟಕಿಯಿಂದ ಬೆಂಕಿಗಾಳಿ. ಇಳಿಯುವಷ್ಟರಲ್ಲಿ ಬಾರ್ ಕರಗಿತ್ತು. ಗುಡಿಯ ಹಿಂದಿನ ಓಣಿಯ ಮನೆಯಲ್ಲಿ ದೊಡ್ಡವ್ವ ಅದರ ಕಾಗದ ಬಿಡಿಸಿ ನೋಡಿದಳು.

"ಇದೇನಪಾ, ನನಗೆ ಕಾಡಿಗೆ ತಂದೀಯ?"

ಸುಳಿವು ಕೊಡಬಾರದೆಂದು ಇಷ್ಟೇ ಕೇಳಿದೆ: "ಅವ್ವ ಚೊಂಬಿಗೆ ಎತ್ತಿ ಹೊಯ್ತಿದ್ಲಲ್ಲ, ಏನದು?"

"ಅದಾ? ಕೋಕೋ. ನಿಮ್ಮಪ್ಪ ಬೊಂಬಾಯಿಂದ ಡಬ್ಬಿ ತಂದಿದ್ದ. ನಾವು ಕಷಾಯದ ಪುಡಿ ಅಂದ್ಕಂಡು ಕಾಳುಮೆಣಸು ಕುಟ್ಟಿ ಹಾಕಿ ಕುದಿಸಿದ್ವಿ. ಬೆಲ್ಲ ಹಾಕಾದು ಮರ್ತಿದ್ವಿ. ಆದ್ರೆ ಹೊಯ್ದಾಕಿ ನಿಮ್ಮವ್ವ ಅಲ್ಲ. ನಾನು."

ಮೆಣಸಿನ ಮಾತು ನಾನು ಎತ್ತಿರಲಿಲ್ಲ. ನೆನಪು ನಿಜವಾಗಿತ್ತು, ಅದರಲ್ಲಿದ್ದ ಆ ಒಂದೇ ಒಂದು ಕೈ ಮಾತ್ರ ಅವ್ವನದಾಗಿರಲಿಲ್ಲ.

ದೊಡ್ಡವ್ವ ಕರಗಿದ ಚಾಕಲೇಟನ್ನು ಬಿಸಿನೀರಿಗೆ ಹಾಕಿ, ಮೆಣಸು ಕುಟ್ಟಿ ಬೆರೆಸಿ, ಎತ್ತಿ ಹೊಯ್ದಳು. ನೊರೆ ಬಂತು. ಅದೇ ಕೈ.

"ಹಂಗಾದ್ರೆ ಅವ್ವ ಎಲ್ಲಿದ್ಲು? ನನಗೆ ಅವಳ ಮುಖಾನೇ ನೆನಪಿಲ್ಲ."

"ಹೆಂಗಿರ್ತೈತೆ? ನಿನ್ನನ್ನ ತೊಡೆ ಮ್ಯಾಲೆ ಕೂರಿಸ್ಕಂಡು ಕುಂತಿದ್ಲು. ನೀನು ಅವಳ ಎದಿಗೆ ಒರಗಿ ನನ್ನ ಕಡೆ ಬಾಯಿ ಬಿಟ್ಕಂಡು ನೋಡ್ತಿದ್ದಿ, ಪೆದ್ದ."

ಸಂಜೆಯ ಬಸ್ಸಿನಲ್ಲೂ ನಾಲಗೆಯ ಮೇಲೆ ಖಾರವಿತ್ತು. ದೊಡ್ಡವ್ವನ ನೆನಪನ್ನಾದರೂ ಎಷ್ಟು ನಂಬುವುದು ಎಂಬ ಪ್ರಶ್ನೆ ಎದ್ದಿತು. ಹರಿಹರ ಹಿಂದಾಗುತ್ತಿತ್ತು. ತಿರುಗಿ ನೋಡಲಿಲ್ಲ, ಅಂದು ಅವ್ವನ ಎದೆಗೆ ಒರಗಿದಂತೆ ಸೀಟಿಗೆ ಬೆನ್ನು ಒರಗಿಸಿ ಕುಳಿತೆ.