ಕಾಲಲ್ಲಿ ಕಲಿತ ಅಕ್ಷರ

ತಮ್ಮನ ಮನೆಯ ತಾರಸಿಗೆ ಬಟ್ಟೆ ಒಣಹಾಕಲು ಹೋದವಳ ಮೂಗಿಗೆ ಬಡಿದದ್ದು ಹಣ್ಣು ಕಾಫಿ ಒಣಗುವ ವಾಸನೆ. ಅತ್ತ ಸಿಹಿಯೂ ಅಲ್ಲ, ಇತ್ತ ಹುಳಿಯೂ ಅಲ್ಲ. ಹಲಸಿನ ತೊಳೆಯನ್ನು ಎರಡು ದಿನ ಮುಚ್ಚಿಟ್ಟು ತೆರೆದ ಹಾಗೆ. ಕುಶಾಲನಗರದ ಪೇಟೆಯ ನಡುವೆ ಇದೆಲ್ಲಿಂದ ಬಂತೆಂದು ನೋಡಿದರೆ, ತಮ್ಮ ತನ್ನ ತುಂಡು ತೋಟದ ಹಣ್ಣನ್ನು ಟಾರ್ಪಾಲಿನ ಮೇಲೆ ಹರಡಿದ್ದ. ನಾನು ಚಪ್ಪಲಿ ಕಳಚಿದೆ. ಯಾಕೆ ಕಳಚಿದೆನೆಂದು ನನಗೇ ತಿಳಿಯುವ ಮೊದಲು ಬಲಗಾಲಿನ ಹೆಬ್ಬೆರಳು ಆ ಕೆಂಪು ಹಣ್ಣುಗಳ ನಡುವೆ ಒಂದು ಗೀರು ಎಳೆದಾಗಿತ್ತು...

ಹಾಗೆ ಎಳೆಯಲು ಕಲಿಸಿದವರು ನಮ್ಮ ಕಡಲ ಟೀಚರ್.

ಕೊಡಗು ಆಗ ತನ್ನ ಪಾಡಿಗೆ ತಾನೇ ಒಂದು ಪುಟ್ಟ ರಾಜ್ಯ. ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಕೋಣೆಗಳಲ್ಲಿ, ನಾವಿದ್ದೆವು. ನಮ್ಮ ಅಪ್ಪ ಅವ್ವ ಹಾಸನದ ಕಡೆಯಿಂದ ಬಂದವರು. ಒಂದು ಗೋಡೆಯಾಚೆ ಮಲಯಾಳ, ಇನ್ನೊಂದು ಗೋಡೆಯಾಚೆ ತಮಿಳು. ಜಗಳಕ್ಕೆ ಮಾತ್ರ ಎಲ್ಲರಿಗೂ ಎಲ್ಲ ಭಾಷೆಯೂ ಬರುತ್ತಿತ್ತು. ಎಸ್ಟೇಟಿನ ಗೇಟಿನ ಪಕ್ಕ ಒಂದೇ ಕೋಣೆಯ ಸರ್ಕಾರಿ ಶಾಲೆ. ಅದಕ್ಕೆ ಟೀಚರಾಗಿ ಬಂದ ಆ ಹೆಂಗಸು ಮಂಗಳೂರಿನಾಚೆಯ ಯಾವುದೋ ಕಡಲ ದಂಡೆಯವರು. ಬಿಳಿ ಸೀರೆ, ಕೈಯಲ್ಲಿ ಒಂದು ಕೊಡೆ. ಮಾತು ಪುಸ್ತಕ ಓದಿದಂತೆ ಸ್ಪಷ್ಟ, ಆದರೆ ಕೊನೆಗೆ ಒಂದು 'ಮಾರಾಯ್ತಿ' ಸೇರದೆ ಮುಗಿಯುತ್ತಿರಲಿಲ್ಲ. ಅವರಿಗೆ ನಾವೇ ಇಟ್ಟ ಹೆಸರು ಕಡಲ ಟೀಚರ್.

ಅವರು ಬರುವ ಮುಂಚಿನ ವರ್ಷ ಇನ್‌ಸ್ಪೆಕ್ಟರು ಬಂದಾಗ ಶಾಲೆಯಲ್ಲಿ ಇದ್ದದ್ದು ಆರು ಮಕ್ಕಳು ಮತ್ತು ಒಂದು ನಾಯಿ. ಕಾಫಿ ಹಣ್ಣಾಗುವ ಕಾಲ. ತಾಯಂದಿರು ಬೆಳಗಾಗುವ ಮುಂಚೆ ಹಣ್ಣು ಕುಯ್ಯುವ ಪಿಕ್ಕಿಂಗಿಗೆ ಹೋದರೆ ಮನೆಯ ಹಸುಗೂಸು ಹಿರಿಮಗಳ ಸೊಂಟಕ್ಕೆ. ಕೂಸು ಹೊತ್ತವಳು ಶಾಲೆಗೆ ಬರುವುದೆಲ್ಲಿಂದ ಬಂತು? ಮುಂದಿನ ವರ್ಷವೂ ಹೀಗೇ ಇದ್ದರೆ, ಮಕ್ಕಳಿಗೆ ಓದಲು ಬಾರದಿದ್ದರೆ, ಶಾಲೆ ಮುಚ್ಚಿಸುತ್ತೇನೆಂದು ಬರೆದಿಟ್ಟು ಹೋಗಿದ್ದರು ಇನ್‌ಸ್ಪೆಕ್ಟರು. ನನಗಾಗ ಹತ್ತು ತುಂಬಿತ್ತು. ಶಾಲೆ ಮುಚ್ಚಿದರೆ ಮರುದಿನವೇ ನನ್ನ ಸೊಂಟಕ್ಕೆ ಪಿಕ್ಕಿಂಗಿನ ಬುಟ್ಟಿ ಎಂದು ಅವ್ವ ಆಗಲೇ ಹೇಳಿಯಾಗಿತ್ತು.

"ಓದಿ ಏನ್ ಕಡಿದು ಗುಡ್ಡೆ ಹಾಕ್ಬೇಕು ನೀನು? ಹಣ್ಣು ಕುಯ್ಯಾಕೆ ಅಕ್ಷರ ಬೇಕಾ?"

ಅವ್ವನದು ಕಲ್ಲೆದೆ ಎಂದು ಹೇಳಲಾರೆ. ಅವಳಿಗೆ ಐದು ಹೊಟ್ಟೆ ತುಂಬಿಸುವುದಿತ್ತು.

ಟೀಚರ್ ಬಂದ ಮೊದಲ ದಿನವೇ ಇದ್ದಿಲಿನಿಂದ ಗೋಡೆಯ ಮೇಲೆ ಉದ್ದಕ್ಕೂ ಒಂದು ಸಾಲು ಬರೆದರು. ನಮಗ್ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲವಾದ್ದರಿಂದ ದಿನಾ ಬೆಳಿಗ್ಗೆ ಅವರೇ ಓದಿ ಹೇಳುತ್ತಿದ್ದರು: ಹಣ್ಣು ಮುಗಿಯುವುದರೊಳಗೆ ಇಲ್ಲಿನ ಪ್ರತಿಯೊಂದು ಮಗುವೂ ಹಿಂದೆಂದೂ ಕಾಣದ ಪುಟವನ್ನು ಓದಬೇಕು. ಶಾಲೆಯಲ್ಲಿದ್ದದ್ದು ಮೂರು ಪುಸ್ತಕ, ಅದರಲ್ಲಿ ಒಂದನ್ನು ಗೆದ್ದಲು ಅರ್ಧ ಓದಿ ಮುಗಿಸಿತ್ತು. ನಾವೆಲ್ಲ ಒಳಗೊಳಗೇ ನಕ್ಕೆವು.

ಹಣ್ಣು ಕೆಂಪಾಯಿತು. ಒಂದೇ ವಾರದಲ್ಲಿ ಶಾಲೆ ಖಾಲಿ. ಟೀಚರ್ ನಮ್ಮನ್ನು ಹುಡುಕುತ್ತಾ ಕಾಫಿ ಒಣಗಿಸುವ ಕಣಕ್ಕೇ ಬಂದರು. ಅಲ್ಲಿ ನಾವು ಹದಿನೆಂಟು ಮಕ್ಕಳು, ಹೆಚ್ಚಿನವರು ಹುಡುಗಿಯರು, ಸೊಂಟದಲ್ಲೊಂದು ಕೂಸು ಹೊತ್ತು ಹಣ್ಣಿನ ಮೇಲೆ ಕಾಲೆಳೆಯುತ್ತಾ ನಡೆಯುತ್ತಿದ್ದೆವು. ಹರಡಿದ ಕಾಫಿಯನ್ನು ಗಂಟೆಗೊಮ್ಮೆ ಮಗುಚದಿದ್ದರೆ ಬೂಸಲು ಹಿಡಿಯುತ್ತದೆ. ಕೈ ಖಾಲಿಯಿಲ್ಲದ ನಮಗೆ ಆ ಕೆಲಸ ಕಾಲಿಂದ. ಅವರು ಕಣದ ಅಂಚಿನಲ್ಲಿ ಕೊಡೆ ಊರಿ ನಮ್ಮ ಕಾಲುಗಳನ್ನೇ ನೋಡುತ್ತಾ ಬಹಳ ಹೊತ್ತು ನಿಂತರು. ಆಮೇಲೆ ಚಪ್ಪಲಿ ಬಿಟ್ಟು, ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಕಣಕ್ಕಿಳಿದರು. ಹೆಬ್ಬೆರಳಿನಿಂದ ಹಣ್ಣನ್ನು ಸರಿಸಿ ಸರಿಸಿ ಚಾಪೆಯಗಲದ ಒಂದು 'ಅ' ಬರೆದರು.

ಅವರು ಕಲಿತ ಶಾಲೆ ಕಡಲಿಗೆ ಕೂಗಳತೆಯಲ್ಲಿತ್ತಂತೆ. ಸ್ಲೇಟಿಗೆ ಗತಿಯಿಲ್ಲದ ಮಕ್ಕಳು ಮರಳಲ್ಲೇ ಬರೆಯುತ್ತಿದ್ದರಂತೆ. ದೊಡ್ಡ ಬಲೆ ಎಳೆಯುವ ದಿನ ಊರಿಗೆ ಊರೇ ದಂಡೆಯಲ್ಲಿ. ಮಾಸ್ತರರೂ ಮಕ್ಕಳ ಸಮೇತ ಬಂದು ಹಗ್ಗಕ್ಕೆ ಕೈಹಾಕಿ, ಎಳೆಯುವ ತಾಳಕ್ಕೆ ಸರಿಯಾಗಿ ಮಗ್ಗಿ ಹೇಳಿಸುತ್ತಿದ್ದರಂತೆ. ಬಲೆಗೆ ಕೈ ಕೊಡದ ಶಾಲೆಗೆ ಊರು ಮಕ್ಕಳನ್ನು ಕೊಡುವುದಿಲ್ಲ ಎಂದು ಅವರು ಹೇಳುತ್ತಿದ್ದರು.

ಎಸ್ಟೇಟಿನ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಿಗೆ ಸುದ್ದಿ ಮುಟ್ಟಿತು. ಅವರು ಓಡೋಡಿ ಬಂದರು.

"ಏನ್ ಟೀಚರಮ್ಮ ಇದು? ಸರಸ್ವತೀನ ಕಾಲಲ್ಲಿ ತುಳಿಸ್ತೀರಾ? ಮಕ್ಕಳಿಗೆ ಕೈ ಇಲ್ವಾ?"

"ಕೈ ಉಂಟು ರೈಟರೇ, ಕೈಯಲ್ಲಿ ಕೂಸುಂಟು. ಖಾಲಿ ಇರುವುದು ಕಾಲು ಮಾತ್ರ. ಸರಸ್ವತಿಗೆ ಸಿಟ್ಟು ಬಂದ್ರೆ ನನ್ನ ಹತ್ತಿರ ಕಳಿಸಿ, ನಾನು ಮಾತಾಡ್ತೇನೆ."

ಆದರೂ ಟೀಚರ್ ಮೊಂಡು ಬಿದ್ದವರಲ್ಲ. ಅವತ್ತಿನಿಂದ ಪಾಠ ಮುಗಿದ ಮೇಲೆ ನಾವೆಲ್ಲ ಬಗ್ಗಿ ಕಣವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಕೂಸುಗಳ ಕೈಯಿಂದಲೂ ಮುಟ್ಟಿಸಬೇಕು ಎಂದಾಯಿತು. ಅಕ್ಷರ ಬರೆದು ಮುಗಿಯುವಷ್ಟರಲ್ಲಿ ಕಾಫಿಯೂ ಮಗುಚಿರುತ್ತಿದ್ದುದರಿಂದ ರೈಟರೂ ಪಾಠ ನಡೆಯಲು ಬಿಟ್ಟರು. ಸಂಜೆ ಬುಟ್ಟಿ ಹೊತ್ತು ಬರುವ ತಾಯಂದಿರು ಅಂಚಿನಲ್ಲಿ ನಿಂತು ನೋಡತೊಡಗಿದರು. ಒಂದು ದಿನ ನಮ್ಮವ್ವ, ನಾನು ಕಣದಲ್ಲಿ ಬರೆದ ನನ್ನ ಹೆಸರನ್ನು ತೋರಿಸಿ, "ಇಷ್ಟುದ್ದ ಇದ್ದೀಯಾ ನೀನು?" ಎಂದಳು. ಆ ರಾತ್ರಿ ಊಟಕ್ಕೆ ನನಗೆ ಒಂದು ತುಂಡು ಒಣಮೀನು ಹೆಚ್ಚು ಸಿಕ್ಕಿತು.

ಹೀಗೆ ಅಕ್ಷರವಾಯಿತು, ಕಾಗುಣಿತವಾಯಿತು, ಒತ್ತಕ್ಷರವಾಯಿತು. ಕೆಂಪು ಹಣ್ಣು ಕಂದಾಗಿ, ಕಪ್ಪಾಗಿ, ಗಲಗಲ ಸದ್ದು ಮಾಡುವ ಒಣಕಾಯಿಯಾಗುವ ತನಕ ಬರೆದು ಬರೆದು ಓದಿದೆವು. ಕಣದ ಈ ತುದಿಯಿಂದ ಆ ತುದಿಗೆ ಒಂದೇ ವಾಕ್ಯ.

ಹಣ್ಣು ಆ ವರ್ಷ ತಡವಾಗಿ ಮುಗಿಯಿತು. ಇನ್‌ಸ್ಪೆಕ್ಟರು ಮಾತ್ರ ತಡ ಮಾಡಲಿಲ್ಲ. ನಾವು ಕಣದಿಂದ ಶಾಲೆಯ ಕೋಣೆಗೆ ವಾಪಸಾದ ಮಾರನೆಯ ದಿನವೇ ಬಂದು ಕುರ್ಚಿಯಲ್ಲಿ ಕುಳಿತು, "ಕೂಸುಗಳನ್ನೆಲ್ಲ ಹೊರಗೆ ಕಳಿಸಿ" ಎಂದರು. ಲೈನಿನ ಮುದುಕಿಯರು ಬಂದು ಎತ್ತಿಕೊಂಡು ಹೋದರು. ಸೊಂಟ ಹಗುರಾಗಿ ನನಗೆ ನಿಲ್ಲುವುದೇ ಮರೆತ ಹಾಗಾಯಿತು. ಇನ್‌ಸ್ಪೆಕ್ಟರು ತಮ್ಮ ಚೀಲದಿಂದ ಒಂದು ಹೊಸ ಪುಸ್ತಕ ತೆಗೆದು ಮೊದಲನೆಯವಳ ಕೈಗೆ ಕೊಟ್ಟರು. ಅವಳು ನೋಡಿದಳು, ನೋಡಿದಳು, ತುಟಿ ಕಚ್ಚಿದಳು. ಎರಡನೆಯವನೂ ಹಾಗೆಯೇ. ಮೂರನೆಯವಳು ಅತ್ತೇಬಿಟ್ಟಳು. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಪುಸ್ತಕ ನನ್ನ ಕೈಗೆ ಬಂದಾಗ ಕಾರಣ ಗೊತ್ತಾಯಿತು. ಚಾಪೆಯಗಲದ ಅಕ್ಷರ ಓದಿದ ನಮ್ಮ ಮುಂದೆ ಯಾರೋ ಸಾಸಿವೆ ಚೆಲ್ಲಿದ್ದರು. ಅದರಲ್ಲಿ 'ಅ' ಯಾವುದು, 'ಮ' ಯಾವುದು? ಅದು ಟೀಚರ ತಪ್ಪು, ಮುಚ್ಚಿಡುವುದೇಕೆ. ಎಲ್ಲವನ್ನೂ ಯೋಚಿಸಿದ್ದ ಅವರು ಅಕ್ಷರ ಪುಸ್ತಕದೊಳಗೆ ಇಷ್ಟು ಸಣ್ಣಗಾಗುತ್ತದೆ ಎಂಬುದನ್ನೇ ಮರೆತಿದ್ದರು. ನಾನು ಅವರ ಮುಖ ನೋಡಿದೆ. ಅವರು ಗೋಡೆಯ ಮೇಲಿನ ತಮ್ಮ ಇದ್ದಿಲಿನ ಸಾಲನ್ನು ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ಪಿಕ್ಕಿಂಗಿನ ಬುಟ್ಟಿ ಬಂತು.

ಆಗ ನನ್ನ ಹೆಬ್ಬೆರಳು ಅಲುಗಿತು. ಕಣ್ಣು ಪುಟದ ಮೇಲಿದ್ದ ಹಾಗೆಯೇ ಕಾಲು ಸಗಣಿ ಸಾರಿಸಿದ ನೆಲದ ಮೇಲೆ ಆ ಸಾಸಿವೆಯನ್ನು ದೊಡ್ಡದು ಮಾಡತೊಡಗಿತು. ಒಂದು ಸುತ್ತು, ಒಂದು ಕೊಂಬು... ಬಾಯಿಗಿಂತ ಮೊದಲು ಕಾಲಿಗೆ ಗೊತ್ತಾಯಿತು. ನಾನು ಮೊದಲ ಪದವನ್ನು ಓದಿದೆ.

"ಏನದು ಕುಣಿತ? ನೆಟ್ಟಗೆ ನಿಂತು ಓದು!" ಎಂದು ಇನ್‌ಸ್ಪೆಕ್ಟರು ಗದರಿದರು.

ನೆಟ್ಟಗೆ ನಿಂತೆ. ಓದು ಅಲ್ಲಿಗೇ ನಿಂತಿತು.

ಟೀಚರ್ ಎರಡು ಹೆಜ್ಜೆ ಮುಂದೆ ಬಂದರು. ಧ್ವನಿ ಏರಿಸಲಿಲ್ಲ. "ಸಾರ್, ಈ ವರ್ಷದ ಪಾಠ ಓದುವುದು. ಅಕೋ, ಗೋಡೆಯಲ್ಲಿ ಬರೆದುಂಟು ನೋಡಿ. ಕಾಲು ನಿಲ್ಲಿಸುವುದು ಮುಂದಿನ ವರ್ಷದ ಪಾಠ. ಮಗುವಿಗೆ ಓದ್ಲಿಕ್ಕೆ ಬಿಡಿ."

ಇನ್‌ಸ್ಪೆಕ್ಟರು ಗೋಡೆ ನೋಡಿದರು, ಅವರನ್ನು ನೋಡಿದರು, ಪೆನ್ನನ್ನು ಮೇಜಿನ ಮೇಲಿಟ್ಟರು. ನಾನು ಓದಿದೆ. ಅರ್ಧ ಪುಟ ಓದಿದೆ. ಅಳುತ್ತಿದ್ದವಳು ಮೂಗೊರೆಸಿಕೊಂಡು ಎದ್ದು ಕಾಲಾಡಿಸುತ್ತಾ ಓದಿದಳು. ಆಮೇಲೆ ಉಳಿದ ಹದಿನಾರು ಮಕ್ಕಳೂ ಒಬ್ಬರಾದ ಮೇಲೊಬ್ಬರು, ತಡವರಿಸುತ್ತಾ, ಬೆವರುತ್ತಾ, ನೆಲ ಕೆರೆಯುತ್ತಾ. ಹೊರಗೆ ಕಿಟಕಿಗೆ ಮುಖವಿಟ್ಟು ಲೈನಿನ ಮುದುಕಿಯರು. ಶಾಲೆ ಮುಂದುವರಿಯಲಿ ಎಂದು ಬರೆದು ಇನ್‌ಸ್ಪೆಕ್ಟರು ಎದ್ದರು. ಅವರು ಹೋದ ಮೇಲೆ ಟೀಚರ್ ನೆಲದ ಮೇಲೆ ಕುಳಿತು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೆ ಆ ಮುಂದಿನ ವರ್ಷ ಬರಲೇ ಇಲ್ಲ. ಕೊಡಗು ಮೈಸೂರಿಗೆ ಸೇರಿತು, ಕಡಲ ದಂಡೆಯೂ ಸೇರಿತು. ಟೀಚರಿಗೆ ಅವರ ಕಡೆಗೇ ವರ್ಗವಾಯಿತು. ಪಾಲಿಬೆಟ್ಟದ ಬಸ್ಸಿನ ಹತ್ತಿರ ನಾವೆಲ್ಲ ಕೂಸು ಹೊತ್ತು ನಿಂತಿದ್ದೆವು. ಅವರು ಒಂದು ಚೀಟಿಯಲ್ಲಿ ವಿಳಾಸ ಬರೆದು ನನ್ನ ಕೈಗಿತ್ತರು. "ಕಾಗದ ಬರಿ ಮಾರಾಯ್ತಿ. ಸಣ್ಣ ಅಕ್ಷರದಲ್ಲಿ."

ನಾನು ಬರೆಯಲಿಲ್ಲ.

ಲೈನಿನ ಅರ್ಧ ಜನಕ್ಕೆ ಊರಿಗೆ ಕಾಗದ ಬರೆದುಕೊಟ್ಟವಳು ನಾನು. ಮುಂದೆ ಬಾಲವಾಡಿಯಲ್ಲಿ ಕೆಲಸ ಸಿಕ್ಕಿ, ಎಷ್ಟೋ ಮಕ್ಕಳ ಕೈ ಹಿಡಿದು ತಿದ್ದಿಸಿದವಳು. ಅವರಿಗೆ ಮಾತ್ರ, ಇನ್ನೂ ಚೆನ್ನಾಗಿ ಬರೆಯಲು ಬರಲಿ, ತಪ್ಪಿಲ್ಲದೆ ಬರೆಯೋಣ ಎಂದು ಮುಂದೂಡುತ್ತಾ ಬಂದೆ. ಕಡಲ ಕಡೆಯಿಂದ ಬಂದ ಮೇಷ್ಟ್ರೊಬ್ಬರನ್ನು ಒಂದು ದಿನ ವಿಚಾರಿಸಿದಾಗ, "ಅವರಾ? ಅವರು ತೀರಿಹೋಗಿ ಎರಡು ಮಳೆಗಾಲ ಆಯ್ತಲ್ಲ" ಎಂದರು. ಅಕ್ಷರ ಕೊಟ್ಟವರಿಗೆ ನಾಲ್ಕು ಅಕ್ಷರ ಬರೆಯದ ನನ್ನ ಸೋಮಾರಿತನವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಾರಸಿಯ ಮೇಲೆ ಬಿಸಿಲು ಏರಿತ್ತು. ನನ್ನ ತಮ್ಮ ಮೆಟ್ಟಿಲು ಹತ್ತಿ ಬಂದ, ಕೈಯಲ್ಲಿ ಕಾಫಿ ಮಗುಚುವ ಹಲಗೆ. ಅಂದು ನನ್ನ ಸೊಂಟದಲ್ಲಿದ್ದ ಕೂಸು ಇವನೇ. ಈಗ ತಲೆ ಬೋಳಾಗಿದೆ, ಮೊಮ್ಮಕ್ಕಳಿದ್ದಾರೆ.

"ಏನಕ್ಕಾ, ಈ ವಯಸ್ಸಲ್ಲಿ ಕಾಲಲ್ಲಿ ಮಗುಚ್ತಿದ್ದೀಯಾ? ಬಿಡು, ನಾನು ಎಳೀತೀನಿ."

"ಸ್ವಲ್ಪ ತಡಿಯೋ. ಕಾಗದ ಬರೀತಾ ಇದ್ದೀನಿ" ಎಂದೆ.

ಅವನಿಗೇನು ಅರ್ಥವಾಯಿತೋ, ಹಲಗೆಯನ್ನು ಗೋಡೆಗೆ ಒರಗಿಸಿ ಪಕ್ಕಕ್ಕೆ ಸರಿದ. ನಾನು ಗೋಡೆ ಹಿಡಿದುಕೊಂಡು, ಟಾರ್ಪಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಅಕ್ಷರ ಎಳೆದೆ: ಟೀಚರ್, ಓದುತ್ತಾ ಇದ್ದೇನೆ. ಕಾಲು ಇನ್ನೂ ನಿಂತಿಲ್ಲ.

ಆಮೇಲೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಾಫಿ ಮಗುಚುವ ಹೊತ್ತಾಗಿತ್ತು. ತಮ್ಮನಿಗೆ ಹಲಗೆ ಎಳೆಯಲು ಹೇಳಿದೆ.