ಮಗುವಿನ ಗಾಡಿಯಲ್ಲಿ ಹೂಕೋಸು

ಬಕೆಟ್ಟಿನ ಉಗುರುಬೆಚ್ಚಗಿನ ನೀರಿನಲ್ಲಿ ಮಗುವಿನ ಗಾಡಿಯ ಸೀಟುಬಟ್ಟೆಯನ್ನು ನೆನೆಹಾಕಿ ಹೋಗಿದ್ದೆ. ಹತ್ತು ನಿಮಿಷ ಬಿಟ್ಟು ಬಂದರೆ ಬಚ್ಚಲ ತುಂಬ ಮೆಂತ್ಯಸೊಪ್ಪಿನ ವಾಸನೆ. ನೀವೇ ಹೇಳಿ, ಮಗುವಿನ ಗಾಡಿಯಿಂದ ಬರಬೇಕಾದದ್ದು ಹಾಲಿನದೋ ಪೌಡರಿನದೋ ವಾಸನೆ ತಾನೆ? ಗಾಡಿ ತೊಳೆಯುವುದನ್ನು ಕಲಿಯಲು ನಾನು ನೋಡಿದ ವಿಡಿಯೊದ ಹುಡುಗಿ ಬಿಸ್ಕತ್ತಿನ ಪುಡಿ ಕೊಡವಿ ಎಂದಿದ್ದಳೇ ಹೊರತು ಸೊಪ್ಪಿನ ಮಾತೇ ಎತ್ತಿರಲಿಲ್ಲ. ಹೊಲಿಗೆಯ ಸಂದಿನಲ್ಲಿ ಎಂದೋ ಸಿಕ್ಕಿಕೊಂಡು ಒಣಗಿದ್ದ ಎಲೆಗಳು ನೀರು ಕುಡಿದು ಮೇಲೆ ತೇಲುತ್ತಿದ್ದವು. ನಾನು ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟೆ. ಅದು ನಮ್ಮ ಅತ್ತೆಯ ವಾಸನೆ.

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಮಗಳು ಹುಟ್ಟಿದಾಗ ಬಾಣಂತನಕ್ಕೆ ಬಾಗಲಕೋಟೆಯಿಂದ ಅತ್ತೆಯೇ ಪುಣೆಯ ವಾಕಡದ ನಮ್ಮ ಫ್ಲ್ಯಾಟಿಗೆ ಬಂದರು. ಬಂದವರು ಇಲ್ಲಿಯೇ ಉಳಿದರು. ಗಾಡಿಯನ್ನು ಮೊದಲ ಸಲ ಕಂಡಾಗ ಮೂಗು ಮುರಿದಿದ್ದರು. "ಕೂಸಿಗೆ ಕಂಕುಳಾ ಬೇಕವಾ, ಗಾಲಿ ಯಾಕ?" ಎಂದರು. ಒಂದು ವಾರ ಕಳೆಯುವಷ್ಟರಲ್ಲಿ ಗಾಡಿ ಅವರದಾಗಿತ್ತು. ಪ್ರತಿ ಶನಿವಾರ ಗುಂಡಿ ಬಿಚ್ಚಿ ಬಟ್ಟೆ ಒಗೆದು ನೆರಳಿನಲ್ಲಿ ಹರವುವರು, ಗಾಲಿಗೆ ಸುತ್ತಿಕೊಂಡ ಕೂದಲನ್ನು ದಬ್ಬಣದಿಂದ ಎಳೆದು ತೆಗೆಯುವರು, ಬೆಲ್ಟಿನ ಕೊಂಡಿಯನ್ನು ಹಳೆಯ ಬ್ರಶ್ಶಿನಿಂದ ತಿಕ್ಕುವರು. ಎಲ್ಲ ಸರಿ, ಆದರೆ ಕೊನೆಗೆ ಗಾಲಿಗೆ ಬಿಡುತ್ತಿದ್ದುದು ಅಡುಗೆಮನೆಯ ಶೇಂಗಾ ಎಣ್ಣೆ! ಪುಣೆಯ ಧೂಳಿಗೆ ಅಷ್ಟು ಸಾಕು, ನಾಲ್ಕು ದಿನಕ್ಕೆ ಗಾಲಿ ಅಂಟು ಹಿಡಿಯುತ್ತಿತ್ತು. ನಾನು ಕದ್ದು ಒರೆಸಿ ಹೊಲಿಗೆಯಂತ್ರದ ಎಣ್ಣೆ ಬಿಡುತ್ತಿದ್ದೆ. ಗೊತ್ತಾದ ದಿನ ಬೈಸಿಕೊಂಡೆ. "ಮಶೀನಿನ ಎಣ್ಣಿ ಕೂಸಿನ ಗಾಡಿಗೆ ಹಾಕ್ತಾರೇನ? ವಾಸನಿ ಕೂಸಿಗೆ ಬಡಿಯೂದಿಲ್ಲೇನ?" ಖಂಡೇನವಮಿಯ ಆಯುಧಪೂಜೆಗೆ ನನ್ನ ಗಂಡನ ಸ್ಕೂಟರಿನ ಜೊತೆ ಗಾಡಿಗೂ ಚೆಂಡುಹೂವು, ಕುಂಕುಮ. ಹಿಡಿಕೆಯ ಮೇಲಿನ ಆ ಕೆಂಪು ಇವತ್ತು ಎಷ್ಟು ತಿಕ್ಕಿದರೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನಾನು ಅಷ್ಟು ಜೋರಾಗಿ ತಿಕ್ಕಲೂ ಇಲ್ಲ.

ಅವರದು ಇನ್ನೊಂದು ನಿಯಮವಿತ್ತು. ಖಾಲಿ ತೊಟ್ಟಿಲು ತೂಗಬಾರದಲ್ಲವೆ, ಹಾಗೆಯೇ ಖಾಲಿ ಗಾಡಿ ತಳ್ಳಬಾರದು. ಮಗಳು ಹಟ ಮಾಡಿ ಇಳಿದರೆ ಸೀಟಿನ ಮೇಲೆ ಒಂದು ನಿಂಬೆಹಣ್ಣನ್ನಾದರೂ ಇಟ್ಟೇ ಗಾಡಿ ಮುಂದಕ್ಕೆ ಹೋಗುತ್ತಿತ್ತು.

ಮಗಳು ಓಡಾಡುವಂತಾದ ಮೇಲೆ ನಾನು ಮತ್ತೆ ಬಸುರಾದೆ. ಅತ್ತೆ ಗಾಡಿಯನ್ನು ತೊಳೆದು ಬಾಲ್ಕನಿಯಲ್ಲಿ ಸಿದ್ಧವಾಗಿಟ್ಟರು. ಐದನೆಯ ತಿಂಗಳಿಗೆ ಆ ಕೂಸು ಹೊಟ್ಟೆಯಲ್ಲೇ ಹೋಯಿತು. ಆಮೇಲೆ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದಾಗಲೆಲ್ಲ ಆ ಖಾಲಿ ಸೀಟು ಕಣ್ಣಿಗೆ ಬೀಳುತ್ತಿತ್ತು. ಒದ್ದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ಯಾರೂ ನೋಡಿಲ್ಲ ಎಂದೇ ನಂಬಿದ್ದೆ.

ಅತ್ತೆ ಆ ವಿಷಯ ಎತ್ತಲೇ ಇಲ್ಲ. ಒಂದು ದಿನ ಮಾತ್ರ ಗಾಡಿ ತಳ್ಳಿಕೊಂಡು ಸಂತೆಗೆ ಹೊರಟರು. ಬರುವಾಗ ಅದರ ತುಂಬ ಮೆಂತ್ಯ, ಬದನೆಕಾಯಿ, ನಡುವೆ ಬೆಲ್ಟು ಕಟ್ಟಿಸಿಕೊಂಡು ಕುಳಿತ ಹೂಕೋಸು. ತಂದ ತರಕಾರಿಯನ್ನು ಇಳಿಸಲೂ ಇಲ್ಲ, ಬಾಲ್ಕನಿಯ ನೆರಳಿನಲ್ಲಿ ಗಾಡಿಯಲ್ಲೇ ಬಿಟ್ಟರು. ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ಕೂರುತ್ತಿತ್ತು.

ನಾನೋ, ಸೊಸೈಟಿಯ ಮರ್ಯಾದೆಯನ್ನೆಲ್ಲ ಒಬ್ಬಳೇ ಹೊತ್ತವಳ ಹಾಗೆ ಆಡುತ್ತಿದ್ದ ಕಾಲ ಅದು. ಒಮ್ಮೆ ಲಿಫ್ಟಿನಲ್ಲಿ ಮೂರನೆಯ ಮಹಡಿಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಗಾಡಿಯ ಮೇಲೆ ಬಾಗಿ, "ಬಾಳ ಝೋಪಲಂಯ ಕಾ?" ಎಂದು, ಮಗು ಮಲಗಿದೆಯೇ ಎಂದು, ಪಿಸುಗುಟ್ಟುತ್ತ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದರು. ಒಳಗೆ ಹೂಕೋಸು! ಅತ್ತೆ ಸ್ವಲ್ಪವೂ ಅಳುಕದೆ, "ಹೋ, ಝೋಪಲಂಯ" ಎಂದರು. ಲಿಫ್ಟಿನಲ್ಲಿದ್ದವರೆಲ್ಲ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮನೆಗೆ ಬಂದವಳೇ ಜಗಳ ತೆಗೆದೆ.

"ಅತ್ತಿ, ನಾಳೆಯಿಂದ ಗಾಡಿ ಒಯ್ಯಬ್ಯಾಡ್ರಿ. ಎಲ್ಲಾರೂ ನಗ್ತಾರ."

"ನಗಲಿ ಬಿಡವಾ," ಎಂದರು ಸೊಪ್ಪು ಸೋಸುತ್ತ. "ಅಳೂದಕಿಂತ ಛಲೋ ಅಲ್ಲೇನ?"

ಕೋಣೆಗೆ ಹೋಗಿ ಬಾಗಿಲು ಧಡಾರನೆ ಹಾಕಿಕೊಂಡೆ. ಅವರು ಗಾಡಿ ಒಯ್ಯುವುದನ್ನು ನಿಲ್ಲಿಸಲಿಲ್ಲ, ಶನಿವಾರ ತೊಳೆಯುವುದನ್ನೂ.

ಹೋದ ವರ್ಷ ಅತ್ತೆ ತೀರಿಕೊಂಡರು. ಹದಿನೈದು ದಿನ ಬಿಟ್ಟು ಸಂತೆಗೆ ಹೋದೆ, ಗಾಡಿ ಇಲ್ಲದೆ. ಅತ್ತೆಗೆ ಯಾವಾಗಲೂ ಸೊಪ್ಪು ಮಾರುತ್ತಿದ್ದ ಮಾವಶಿ ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತ್ಯಾ ಮ್ಹಣಾಯಚ್ಯಾ, ಗಾಡಿ ರಿಕಾಮೀ ದಿಸಲೀ ಕೀ ಸೂನ ರಡತೇ," ಎಂದಳು. ಗಾಡಿ ಖಾಲಿ ಕಂಡರೆ ಸೊಸೆ ಅಳುತ್ತಾಳೆ ಎನ್ನುತ್ತಿದ್ದರಂತೆ. ಮೆಂತ್ಯದ ಕಟ್ಟು ಕೈಯಲ್ಲಿ ಹಿಡಿದು ನಾನು ಸಂತೆಯ ನಡುವೆ ನಿಂತೇ ಅತ್ತುಬಿಟ್ಟೆ. ನನ್ನ ತಾಯಿ ಬದುಕಿದ್ದರೂ ಇಷ್ಟು ಸದ್ದಿಲ್ಲದೆ ನನ್ನನ್ನು ಕಾಯುತ್ತಿದ್ದಳೋ ಇಲ್ಲವೋ. ಒಂದು ಮಾತು ಹೇಳಬೇಕಿತ್ತು ಅವರಿಗೆ, ಹೇಳಲಿಲ್ಲ.

ಮೊನ್ನೆ ಬಿ ವಿಂಗಿನ ಬಾಣಂತಿ, ಕುಂದಾಪುರ ಕಡೆಯ ಹುಡುಗಿ, ಯಾರ ಬಳಿಯಾದರೂ ಮಗುವಿನ ಗಾಡಿ ಇದೆಯೇ ಎಂದು ಸೊಸೈಟಿಯ ಗ್ರೂಪಿನಲ್ಲಿ ಕೇಳಿದಳು. 'ಇದೆ' ಎಂದು ಬರೆದು ಮೂರು ಸಲ ಅಳಿಸಿದೆ, ನಾಲ್ಕನೆಯ ಸಲ ಕಳಿಸಿಬಿಟ್ಟೆ. ಅದಕ್ಕೇ ಇವತ್ತಿನ ಈ ತೊಳೆಯಾಟ. ಬಟ್ಟೆ ಒಣಗಿತು, ಗುಂಡಿ ಹಾಕಿದೆ. ಗಾಲಿಗೆ ಶೇಂಗಾ ಎಣ್ಣೆಯನ್ನೇ ಒಂದೊಂದು ಹನಿ ಬಿಟ್ಟೆ. ಆ ಹುಡುಗಿ ಬೇಕಾದರೆ ಒರೆಸಿಕೊಳ್ಳಲಿ. ತಳ್ಳಲು ಹೋದರೆ ಕೈ ಏಳಲಿಲ್ಲ. ಸೀಟು ಖಾಲಿ.

ಫ್ರಿಜ್ಜಿನಿಂದ ಹೂಕೋಸು ತೆಗೆದು, ಮೆತ್ತನೆಯ ಬಟ್ಟೆ ಸುತ್ತಿ, ಕೂರಿಸಿ ಬೆಲ್ಟು ಕಟ್ಟಿದೆ. ಹಾಗೆಯೇ ಬಿ ವಿಂಗಿಗೆ ತಳ್ಳಿಕೊಂಡು ಹೋದೆ. ಹುಡುಗಿ ಬಾಗಿಲಲ್ಲೇ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. "ಎಂತ ಅಕ್ಕ ಇದು, ಹೂಕೋಸು?" ಎಂದು ಕಣ್ಣರಳಿಸಿದಳು. "ಮೊದಲು ಕೂಸಿನ್ನ ತಾ" ಎಂದೆ. ಒಂದು ಕೈಯಿಂದ ಹೂಕೋಸು ತೆಗೆಯುತ್ತಿದ್ದ ಹಾಗೆಯೇ ಇನ್ನೊಂದು ಕೈಯಿಂದ ಕೂಸನ್ನು ಗಾಡಿಯಲ್ಲಿ ಮಲಗಿಸಿದೆ. ಸೀಟು ಒಂದು ಗಳಿಗೆಯೂ ಖಾಲಿ ಉಳಿಯಲಿಲ್ಲ.

ಮರಳಿ ಬರುವಾಗ ಲಿಫ್ಟಿನಲ್ಲಿ ಅದೇ ಕಾಕು. ಅವರು ನೋಡಿದ ಮೇಲೆಯೇ ನನಗೂ ಅರಿವಾದದ್ದು, ಹೂಕೋಸನ್ನು ಕಂಕುಳಲ್ಲಿ ಎತ್ತಿಕೊಂಡಿದ್ದೆ. ಕಾಕು ಮೆಲ್ಲಗೆ ಕೇಳಿದರು, "ಝೋಪಲಂಯ ಕಾ?"

"ಹೋ, ಝೋಪಲಂಯ," ಎಂದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಈ ಮಾತನ್ನು ಹೇಳಲೇಬೇಕೆಂಬ ಅವಸರದಲ್ಲಿ ಮನೆಯ ಬಾಗಿಲು ತೆರೆದವಳೇ, ಚಪ್ಪಲಿಯನ್ನೂ ಬಿಡದೆ, "ಅತ್ತೀ" ಎಂದು ಕೂಗಿದೆ.