ಬಡಗಿಯ ಜೇಬಿನ ರೇಷ್ಮೆ

ನಮ್ಮ ಮನೆಗೆ ತೊಟ್ಟಿಲು ಮಾಡಿಕೊಟ್ಟ ಶಿಡ್ಲಘಟ್ಟದ ಬಡಗಿಯ ಜೇಬಿನಲ್ಲಿ ಸದಾ ಒಂದು ಹಿಡಿ ರೇಷ್ಮೆ ಇರುತ್ತಿತ್ತು. ಅವರ ಮನೆಯಾಕೆ ನೂಲು ತೆಗೆಯುವಾಗ ಉಳಿದದ್ದು. ಉಜ್ಜಿದ ಮರದ ಮೇಲೆ ಅದನ್ನು ಮೆಲ್ಲಗೆ ಎಳೆಯುವರು. ಎಲ್ಲಾದರೂ ತರಿಯಿದ್ದರೆ ಎಳೆ ಸಿಕ್ಕಿಕೊಳ್ಳುತ್ತಿತ್ತು. "ಇರಿ, ಇದನ್ನೊಂದ್ ಮಾತು ಕೇಳಣ," ಎನ್ನುವರು.

ನನ್ನ ಮಗಳಿಗೆ ದಿನ ತುಂಬುತ್ತಿದ್ದಾಗಲೇ ಮರ ಉಜ್ಜುವ ಅವರ ಹಳೆಯ ಸ್ಯಾಂಡರ್ ಮೆಷೀನು ಕೆಟ್ಟಿತು. ಹೊಸದನ್ನು ಆರಿಸಲು ಚಿಂತಾಮಣಿಯ ಅಂಗಡಿಗೆ ನಾನೂ ಜೊತೆಗೆ ಹೋದೆ. ಚೀಲದಲ್ಲಿ ತೊಟ್ಟಿಲಿನದೇ ಹಲಸಿನ ತುಂಡೊಂದನ್ನು ತಂದಿದ್ದರು. ಮೊದಲೆರಡು ಮೆಷೀನು ಕೊಂಚ ಒತ್ತಿದರೂ ತಡವರಿಸಿ, ಮರದ ಮೇಲೆ ಸುರುಳಿ ಸುರುಳಿ ಗೀರು ಬಿಟ್ಟವು, ರೇಷ್ಮೆ ಸಿಕ್ಕಿಕೊಂಡಿತು. ಮೂರನೆಯದು ಎಲ್ಲಕ್ಕಿಂತ ಹೆಚ್ಚು ಪವರ್‌ನದು, ಎಷ್ಟು ಒತ್ತಿದರೂ ಒಂದೇ ಸಮನೆ ತಿರುಗಿತು. ಹಳದಿ ಪುಡಿ ಬಿಸಿಲಿನಲ್ಲಿ ತೇಲಿ ತೇಲಿ ನಮ್ಮ ರೆಪ್ಪೆಗಳ ಮೇಲೆ ಕೂತಿತು. ಅಂಗಡಿ, ಬೀದಿ, ಬಸ್ಸಿನ ಸದ್ದು ಎಲ್ಲವೂ ಎಲ್ಲೋ ದೂರ ಸರಿದಂತಿತ್ತು. ಈ ಸಲ ರೇಷ್ಮೆ ನೀರಿನ ಹಾಗೆ ಜಾರಿತು.

"ಕೈಯಲ್ಲೂ ಒಂದ್ಸಲ ಮುಟ್ಟಿ ನೋಡಿ ಭಾಯ್," ಎಂದೆ.

"ನೀವೇ ನೋಡಿ ಹೇಳಮ್ಮ. ಮೆಷೀನ್ ಹಿಡ್ದೂ ಹಿಡ್ದೂ ನನ್ ಬೆರಳಿಗೆ ಏನೂ ಗೊತ್ತಾಗಲ್ಲ, ವರ್ಷಗಳೇ ಆಯ್ತು. ಅದಕ್ಕೇ ಇದನ್ನ ಕೇಳೋದು."

ನಾನು ಸವರಿದೆ. "ಮಗು ಕೆನ್ನೆ ಇದ್ದಂಗಿದೆ," ಎಂದೆ.

ಅದನ್ನೇ ಕೊಡಿ ಎಂಬಂತೆ ಅಂಗಡಿಯವನಿಗೆ ತಲೆಯಾಡಿಸಿದರು. ಆಮೇಲೆ ಆ ತುಂಡನ್ನೆತ್ತಿ, ಕಣ್ಣು ಮುಚ್ಚಿ, ತಮ್ಮ ಕೆನ್ನೆಗೆ ಒತ್ತಿಕೊಂಡರು.